ಹೆಂಚಿನ ಮನೆ, ಮಳೆಗಾಲ, ಸ್ಯಾಕ್ಸೋಫೋನ್: ಕೊಡಗಿನ ಮನೆಗೆ ಯಾವ ಬುಕ್‌ಶೆಲ್ಫ್ ಸ್ಪೀಕರ್?

ಸುಂಟಿಕೊಪ್ಪದ ಹತ್ತಿರ ನಮ್ಮದು ಹೆಂಚಿನ ಮನೆ. ರೆಡ್ ಆಕ್ಸೈಡ್ ನೆಲ, ದಪ್ಪ ಗೋಡೆ. ಹಾಲ್‌ಗೆ ಸೀಲಿಂಗ್ ಇಲ್ಲ, ತಲೆಯೆತ್ತಿದರೆ ಪಕಾಸಿ, ರೀಪು, ಹೆಂಚು. ದೊಡ್ಡಪ್ಪನ ಮಗ ಇರುವುದು ಕುಶಾಲನಗರದ ಆರ್‌ಸಿಸಿ ಮನೆಯಲ್ಲಿ. ಇಬ್ಬರಿಗೂ ಜಾಝ್ ಬೆರೆತ ಎಲೆಕ್ಟ್ರಾನಿಕ್ ಸಂಗೀತವೆಂದರೆ ಪ್ರಾಣ. ಒಂದೇ ಜೋಡಿ ಸ್ಪೀಕರನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ ಎರಡೂ ಮನೆಯಲ್ಲಿ ಇಟ್ಟು ಕೇಳಿದ್ದೇವೆ. ಇಲ್ಲಿ ಹಿತವಾಗಿ ಹಾಡಿದ್ದು ಅಲ್ಲಿ ಗುಂಯ್‌ಗುಟ್ಟಿತು. ಸ್ಪೀಕರ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ತಮ್ಮ ಕೋಣೆಯನ್ನು ನೋಡಬೇಕು ಎಂಬುದು ನನಗೆ ಅರ್ಥವಾಗಿದ್ದು ಆ ದಿನ.

ಮೊದಲು ಸಂಗೀತದ ಮಾತು, ಯಾಕೆಂದರೆ ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ. ಜಾಝ್ ಕಲಾವಿದರು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಹಿಡಿದದ್ದು ಇವತ್ತು ನಿನ್ನೆಯಲ್ಲ. ಹರ್ಬಿ ಹ್ಯಾಂಕಾಕ್ 1973ರಲ್ಲೇ ಆ ದಾರಿಯಲ್ಲಿ ಬಹುದೂರ ಹೋಗಿದ್ದರು. ತೊಂಬತ್ತರ ದಶಕದಲ್ಲಿ ಯುರೋಪಿನ ಕ್ಲಬ್ ಸಂಗೀತ ಮತ್ತೆ ಜಾಝ್ ಕಡೆಗೆ ತಿರುಗಿತು. ನಾರ್ವೆಯ ನಿಲ್ಸ್ ಪೆಟರ್ ಮೊಲ್ವೇರ್ 1997ರಲ್ಲಿ ‘ಖ್ಮೇರ್’ ಆಲ್ಬಮ್‌ನಲ್ಲಿ ತುತ್ತೂರಿಯನ್ನು ಯಂತ್ರದ ಲಯದ ಮೇಲೆ ತೇಲಿಸಿದರು. ಫ್ರಾನ್ಸಿನ ಸೇಂಟ್ ಜರ್ಮೇನ್ 2000ದಲ್ಲಿ ‘ಟೂರಿಸ್ಟ್’ ತಂದರು, ಅದೂ ಜಾಝ್‌ಗೇ ಹೆಸರಾದ ಬ್ಲೂ ನೋಟ್ ಕಂಪನಿಯಿಂದ. 2021ರಲ್ಲಿ ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್, ಸ್ಯಾಕ್ಸೋಫೋನ್ ವಾದಕ ಫರೋವಾ ಸ್ಯಾಂಡರ್ಸ್ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿ ಮಾಡಿದ ‘ಪ್ರಾಮಿಸಸ್’ ಬಂತು. ಒಂಬತ್ತು ಭಾಗ, ಮುಕ್ಕಾಲು ಗಂಟೆಯ ಒಂದೇ ಹರಿವು. ಸ್ಯಾಂಡರ್ಸ್ ಮರುವರ್ಷವೇ ತೀರಿಕೊಂಡರು.

ಈ ಸಂಗೀತದಲ್ಲಿ ಎರಡು ಜೀವ ಇವೆ. ಒಂದು ಉಸಿರು: ಸ್ಯಾಕ್ಸೋಫೋನಿನ ರೀಡ್ ಕಂಪಿಸುವ ಮೊದಲಿನ ಸಣ್ಣ ಗಾಳಿ, ಸಿಂಬಲ್ ಮೇಲೆ ಕಡ್ಡಿ ತಾಗಿದ ಮೇಲೆ ಕರಗುತ್ತಾ ಹೋಗುವ ಲೋಹದ ಸದ್ದು. ನಮ್ಮ ಪಕ್ಕದ ಜಿಲ್ಲೆಯ ಕದ್ರಿ ಗೋಪಾಲನಾಥರ ಕಛೇರಿಯನ್ನು ಎದುರು ಕೂತು ಕೇಳಿದವರಿಗೆ ನಾನು ಹೇಳುತ್ತಿರುವ ಉಸಿರು ಯಾವುದೆಂದು ಗೊತ್ತಿರುತ್ತದೆ. ಇನ್ನೊಂದು ನೆಲದ ಸದ್ದು, ಅಂದರೆ ಕೆಳಶ್ರುತಿಯ ಬೇಸ್: ಆಳೆತ್ತರದ ಮರದ ತಂತಿವಾದ್ಯ ಡಬಲ್ ಬೇಸ್, ಕಿಕ್ ಡ್ರಮ್, ಸಿಂಥಸೈಜರಿನ ಬೇಸ್. ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡ್ ಮೇಲೆ ಇಡುವ ಪುಟ್ಟ ಪೆಟ್ಟಿಗೆ, ಮೊದಲನೆಯದನ್ನು ನೆಲದ ಮೇಲೆ ನಿಲ್ಲುವ ದೊಡ್ಡ ಟವರ್ ಸ್ಪೀಕರಿಗಿಂತ ಒಂದು ಕೈ ಮೇಲೆಯೇ ಕೊಡಬಲ್ಲದು. ಎರಡನೆಯದರಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ಉಸಿರನ್ನು ನೋಡಿ ಸ್ಪೀಕರ್ ಆರಿಸಿ, ಬೇಸನ್ನು ಆಮೇಲೆ ಜಾಗ ಹೊಂದಿಸಿ ಸರಿಮಾಡಿಕೊಳ್ಳಿ ಎನ್ನುವವ ನಾನು. ಉಸಿರೇ ಇಲ್ಲದ ಸ್ಪೀಕರಿಗೆ ಆಮೇಲೆ ಉಸಿರು ತುಂಬಲು ಯಾರಿಂದಲೂ ಆಗುವುದಿಲ್ಲ.

ಸಣ್ಣದೋ ದೊಡ್ಡದೋ

ಐದು ಇಂಚಿನ ವೂಫರ್ (ಬೇಸ್ ನುಡಿಸುವ ದೊಡ್ಡ ಕೋನ್) ಇರುವ ಸಣ್ಣ ಪೆಟ್ಟಿಗೆ, ಆರೂವರೆ ಇಂಚಿನ ದೊಡ್ಡ ಪೆಟ್ಟಿಗೆ. ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಇದೇ. ಉದಾಹರಣೆಗೆ ಕೆಇಎಫ್ ಎಲ್‌ಎಸ್50 ಮೆಟಾ ಮತ್ತು ಎಲಾಕ್ ಡೆಬ್ಯೂ ಬಿ6.2 ತೆಗೆದುಕೊಳ್ಳಿ. ಮೊದಲನೆಯದು ಬಹಳ ದುಬಾರಿ, ಎರಡನೆಯದು ಕೈಗೆಟುಕುವಂಥದ್ದು. ಆದರೆ ಕಂಪನಿಗಳೇ ಕೊಡುವ ಹರ್ಟ್ಜ್ ಅಂಕಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅಂಕಿ ಇಳಿದಷ್ಟೂ ಬೇಸ್ ಆಳ) ನೋಡಿದರೆ ಕೆಇಎಫ್ 79 ಹರ್ಟ್ಜ್‌ನಿಂದ ಸಮನಾಗಿ ನುಡಿಯುತ್ತದೆ, ಎಲಾಕ್ 44 ಹರ್ಟ್ಜ್‌ವರೆಗೆ ಇಳಿಯುತ್ತದೆ. ಕಡಿಮೆ ದುಡ್ಡಿಗೆ ಹೆಚ್ಚು ಬೇಸ್! ಹಾಗಾದರೆ ಮಾತು ಮುಗಿಯಿತಲ್ಲ ಅನ್ನಿಸಬಹುದು. ಮುಗಿಯಲಿಲ್ಲ.

ಡಬಲ್ ಬೇಸಿನ ಅತಿ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಆದರೆ ಮರದ ವಾದ್ಯದ ಒಂದೊಂದು ಸ್ವರದಲ್ಲೂ ಮೂಲ ನಾದದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟಿನ ನಾದಗಳು ಇರುತ್ತವೆ: 82, 123, ಹೀಗೆ. ಸಣ್ಣ ಸ್ಪೀಕರ್ 41ನ್ನು ನುಂಗಿಹಾಕಿದರೂ 82, 123 ಕಿವಿಗೆ ಬೀಳುತ್ತವೆ. ಕಾಣೆಯಾದ ಕೆಳಗಿನ ಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಸಣ್ಣ ಸ್ಪೀಕರಿನಲ್ಲಿ ಡಬಲ್ ಬೇಸ್ ಕೇಳಿದಾಗ ಏನೋ ಕಡಿಮೆಯಾಗಿದೆ ಅನ್ನಿಸುವುದಿಲ್ಲ, ಬೆರಳು ತಂತಿಯನ್ನು ಎಳೆದು ಬಿಟ್ಟದ್ದು ಕೂಡ ಸ್ಪಷ್ಟವಾಗಿ ಸಿಗುತ್ತದೆ. ಸಿಂಥಸೈಜರಿನ ಸಬ್-ಬೇಸ್ ಹಾಗಲ್ಲ. ಅದು ಹೆಚ್ಚುಕಡಿಮೆ ಒಂಟಿ ನಾದ. ಮೇಲಿನ ಪಟ್ಟುಗಳು ಇಲ್ಲದ ಕಾರಣ ಸ್ಪೀಕರ್ ಅದನ್ನು ನುಡಿಸದಿದ್ದರೆ ಮಿದುಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಆ ಸಾಲೇ ಹಾಡಿನಿಂದ ಮಾಯ.

ಹಾಗಾಗಿ ನಿಮಗೆ ಪ್ರಿಯವಾದ ಹತ್ತು ಆಲ್ಬಮ್ ಯಾವುವು ಎಂದು ಕೂತು ಬರೆದುಕೊಳ್ಳಿ. ಪಟ್ಟಿಯಲ್ಲಿ ಮೊಲ್ವೇರ್, ಸೇಂಟ್ ಜರ್ಮೇನ್, ಸಿನಿಮ್ಯಾಟಿಕ್ ಆರ್ಕೆಸ್ಟ್ರಾದಂಥವರೇ ಹೆಚ್ಚಿದ್ದರೆ, ಅಂದರೆ ಮನುಷ್ಯರು ನುಡಿಸಿದ ವಾದ್ಯಗಳ ತೂಕ ಹೆಚ್ಚಿದ್ದರೆ, ಸಣ್ಣ ಸ್ಪೀಕರ್ ಸಾಕು. ಫ್ಲೈಯಿಂಗ್ ಲೋಟಸ್ ಅವರ 2010ರ ‘ಕಾಸ್ಮೋಗ್ರಾಮಾ’ ತರಹದ್ದು, ಬೇಸ್ ಮೇಲೆ ಬೇಸ್ ಪೇರಿಸಿದ್ದು ಹೆಚ್ಚಿದ್ದರೆ ಆರೂವರೆ ಇಂಚಿನದು ಬೇಕು. ಇಲ್ಲವೇ ಸಣ್ಣದರ ಜೊತೆ ಬೇಸ್ ಒಂದನ್ನೇ ನುಡಿಸುವ ಇನ್ನೊಂದು ಪೆಟ್ಟಿಗೆ, ಸಬ್‌ವೂಫರ್. ನನ್ನ ಪಟ್ಟಿ ಮೊದಲನೇ ಜಾತಿಯದು, ದೊಡ್ಡಪ್ಪನ ಮಗನದು ಎರಡನೆಯದು. ನಾವಿಬ್ಬರೂ ಬೇರೆಬೇರೆ ಸ್ಪೀಕರ್ ಕೊಂಡಿದ್ದಕ್ಕೆ ಅರ್ಧ ಕಾರಣ ಇಷ್ಟೇ.

ಇನ್ನರ್ಧ ಕಾರಣ ಕೋಣೆ. ಹನ್ನೆರಡು ಅಡಿ ಉದ್ದದ ಕಾಂಕ್ರೀಟ್ ಕೋಣೆಯಲ್ಲಿ 47 ಹರ್ಟ್ಜ್ ಆಸುಪಾಸಿನ ನಾದ ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ಉಬ್ಬುತ್ತದೆ. ಕುಶಾಲನಗರದ ಮನೆಯಲ್ಲಿ ಎಲಾಕ್ ತರಹದ ದೊಡ್ಡ ಸ್ಪೀಕರ್ ಗುಂಯ್ ಅಂದದ್ದು ಇದಕ್ಕೇ. ಸ್ಪೀಕರನ್ನು ಮೂಲೆಯಿಂದ ಎಳೆದು ಗೋಡೆಗೆ ಎರಡೂವರೆ ಅಡಿ ಮುಂದೆ ಇಟ್ಟೆವು, ಹಾಸಿಗೆ ಸುತ್ತಿ ಎರಡು ಮೂಲೆಗೆ ನಿಲ್ಲಿಸಿದೆವು. ಆಮೇಲೆ ಹತೋಟಿಗೆ ಬಂತು. ಸೀಲಿಂಗ್ ಇಲ್ಲದ ಹೆಂಚಿನ ಮನೆಯ ಕಥೆಯೇ ಬೇರೆ. ಇಳಿಜಾರು ಸೂರು ನೆಲಕ್ಕೆ ಸಮಾನಾಂತರವಲ್ಲ, ಹೆಂಚಿನ ಸಂದುಗಳಲ್ಲಿ ಬೇಸ್ ಹೊರಗೆ ಹೋಗಿಬಿಡುತ್ತದೆ. ಅದರಿಂದ ಗುಂಯ್ ಇಲ್ಲ. ಮದುವೆ ಮನೆಯ ಅಂಗಳದಲ್ಲಿ ವಾಲಗ ಕೇಳುವಾಗ ಡೋಲಿನ ಪೆಟ್ಟು ಹೇಗೆ ಬಿದ್ದಲ್ಲೇ ನಿಲ್ಲುತ್ತದೋ, ಚರ್ಮದ ಸದ್ದಾಗಿ ಕೇಳುತ್ತದೋ, ಹಾಗೆ ಬೇಸ್ ಬಿಡಿಬಿಡಿಯಾಗಿ ಸಿಗುತ್ತದೆ. ಆದರೆ ತೂಕ ಸ್ವಲ್ಪ ಕಡಿಮೆ. ಇಲ್ಲಿ ಸ್ಪೀಕರನ್ನು ಹಿಂದಿನ ಗೋಡೆಗೆ ಹತ್ತಿರ, ಒಂದಡಿಗೂ ಒಳಗೆ ಇಟ್ಟರೆ ಗೋಡೆಯೇ ಬೇಸನ್ನು ಎತ್ತಿ ಕೊಡುತ್ತದೆ. ಒಂದೇ ಸ್ಪೀಕರಿಗೆ ಎರಡು ಮನೆಯಲ್ಲಿ ಎರಡು ತದ್ವಿರುದ್ಧ ಜಾಗ.

ಮುಚ್ಚಿದ ಪೆಟ್ಟಿಗೆಯೋ ತೂತಿನ ಪೆಟ್ಟಿಗೆಯೋ

ಹೆಚ್ಚಿನ ಬುಕ್‌ಶೆಲ್ಫ್ ಸ್ಪೀಕರುಗಳಿಗೆ ಹಿಂದೆಯೋ ಮುಂದೆಯೋ ಒಂದು ಪೋರ್ಟ್, ಅಂದರೆ ತೂತು, ಇರುತ್ತದೆ. ಪೆಟ್ಟಿಗೆಯೊಳಗಿನ ಗಾಳಿ ಅದರ ಮೂಲಕ ಆಡಿ ಬೇಸ್ ಕೆಳಗಿನವರೆಗೆ ಹೋಗುತ್ತದೆ. ಆದರೆ ಒಂದು ಮಿತಿ ದಾಟಿದ ಮೇಲೆ ಒಮ್ಮೆಲೇ ಬೀಳುತ್ತದೆ, ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ, 24 ಡೆಸಿಬಲ್‌ನಂತೆ (ಡೆಸಿಬಲ್ ಸದ್ದಿನ ಗಟ್ಟಿತನದ ಅಳತೆ). ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಬೇಗ ಇಳಿಯಲು ಶುರುವಾದರೂ 12 ಡೆಸಿಬಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಗೋಡೆಯ ಆಸರೆ ಇದ್ದರೆ ಆ ಇಳಿಜಾರು ಇನ್ನೂ ಹದವಾಗುತ್ತದೆ.

ಮುಚ್ಚಿದ ಪೆಟ್ಟಿಗೆಗಳಲ್ಲಿ ಹೆಸರಾದದ್ದು ಬಿಬಿಸಿಯವರು ಎಪ್ಪತ್ತರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ, ಕೈಯಳತೆಯಲ್ಲಿ ಕೂತು ಕೇಳಲೆಂದೇ ಮಾಡಿದ ಪುಟ್ಟ ಸ್ಪೀಕರ್. ಹಾರ್ಬೆತ್ ಪಿ3ಇಎಸ್‌ಆರ್ ಅದೇ ವಂಶದ್ದು. ಅದರಲ್ಲಿ ಸ್ಯಾಕ್ಸೋಫೋನ್ ಕೇಳಿದ ದಿನ ನಾನು ಹಾಡು ಮುಗಿದ ಮೇಲೂ ಮಾತಾಡಲಿಲ್ಲ. ಕಂಠ, ಗಾಳಿವಾದ್ಯ ಇವೆರಡರಲ್ಲಿ ಆ ಜಾತಿಯ ಸ್ಪೀಕರಿಗೆ ಸಾಟಿ ಕಡಿಮೆ. ಆದರೆ ಹಾರ್ಬೆತ್‌ನ ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ಪವರ್‌ಗೆ ಎಷ್ಟು ಗಟ್ಟಿಯಾಗಿ ನುಡಿಯುತ್ತದೆ ಎಂಬ ಅಳತೆ, 83.5 ಡೆಸಿಬಲ್ ಮಾತ್ರ. 87 ಇರುವ ಎಲಾಕ್‌ನಷ್ಟೇ ಗಟ್ಟಿಯಾಗಿ ನುಡಿಯಲು ಅದಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಪವರ್ ಬೇಕು. ಕ್ಲಬ್‌ನಲ್ಲಿ ಕೇಳಿದಷ್ಟು ಜೋರಾಗಿ ಕೇಳುವ ಆಸೆ ಇದ್ದವರು ಅದರ ಹತ್ತಿರ ಹೋಗಬೇಡಿ.

ತೂತಿನ ಪೆಟ್ಟಿಗೆಯ ಬಗ್ಗೆ ನಮ್ಮ ಕಡೆಯ ಒಂದು ವಿಷಯ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಹೋದ ಬೇಸಿಗೆಯಲ್ಲಿ ಎಡಗಡೆ ಸ್ಪೀಕರಿನ ಬೇಸ್ ದಿನದಿಂದ ದಿನಕ್ಕೆ ಬಡಕಲಾಗುತ್ತಾ ಬಂತು. ತಂತಿ ಬದಲಾಯಿಸಿದೆ, ಆಂಪ್ಲಿಫೈಯರಿನ ಎಡಬಲ ಅದಲುಬದಲು ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಟಾರ್ಚ್ ಬಿಟ್ಟು ಹಿಂದಿನ ಪೋರ್ಟ್ ನೋಡಿದರೆ ಕುಂಬಾರ ಹುಳ ಗೂಡು ಕಟ್ಟಿದೆ! ನಿಂಬೆಹಣ್ಣಿನ ಗಾತ್ರದ ಕೆಮ್ಮಣ್ಣಿನ ಉಂಡೆ ಕೊಳವೆಯ ಮುಕ್ಕಾಲು ಭಾಗ ಮುಚ್ಚಿತ್ತು. ಚಮಚದ ಹಿಡಿಯಿಂದ ಮೆಲ್ಲಗೆ ಬಿಡಿಸಿ, ಪುಡಿ ಒಳಗೆ ಬೀಳದ ಹಾಗೆ ಸ್ಪೀಕರನ್ನು ಬೋರಲು ಹಿಡಿದು ತೆಗೆದೆ. ಈಗ ಕೇಳದ ಹೊತ್ತಿನಲ್ಲಿ ಸ್ಪಂಜಿನ ಬಿರಡೆ ಹಾಕಿಡುತ್ತೇನೆ. ಎಲ್‌ಎಸ್50 ಮೆಟಾದಂಥ ಕೆಲವು ಸ್ಪೀಕರುಗಳ ಜೊತೆ ಈ ಬಿರಡೆಗಳು ಬರುತ್ತವೆ, ಇಲ್ಲದಿದ್ದರೆ ಸ್ಪಂಜು ಕತ್ತರಿಸಿ ಮಾಡಿಕೊಳ್ಳಬಹುದು. ಬಿರಡೆ ಹಾಕಿಯೇ ಕೇಳಿದರೆ ಬೇಸ್ ಕಡಿಮೆಯಾಗಿ ಬಿಗಿಯಾಗುತ್ತದೆ. ಆರ್‌ಸಿಸಿ ಮನೆಯವರಿಗೆ ಅದೂ ಒಂದು ಉಪಾಯ.

ಆಂಪ್ ಬೇರೆಯೋ ಒಳಗೇ ಇರಬೇಕೋ

ನನಗೆ ಅತಿ ಕಷ್ಟವಾದ ಆಯ್ಕೆ ಇದು. ನನ್ನ ತೀರ್ಮಾನವನ್ನು ಎಲ್ಲರೂ ಒಪ್ಪಲಿಕ್ಕಿಲ್ಲ.

ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರುಗಳು ನಿಜಕ್ಕೂ ಜಾಣ ವಸ್ತುಗಳು. ವೂಫರಿಗೊಂದು, ಮೇಲಿನ ಶ್ರುತಿ ನುಡಿಸುವ ಟ್ವೀಟರಿಗೊಂದು ಆಂಪ್ ಇರುತ್ತದೆ, ಬೇಸನ್ನು ಲೆಕ್ಕ ಹಾಕಿ ಕೆಳಗಿಳಿಸುವ ಡಿಜಿಟಲ್ ಸಂಸ್ಕರಣೆಯೂ ಇರುತ್ತದೆ. ಎಲ್‌ಎಸ್50 ವೈರ್‌ಲೆಸ್ 2ನ್ನೇ ನೋಡಿ. ಮೆಟಾದಲ್ಲಿರುವ ಡ್ರೈವರ್ (ಸದ್ದು ಹೊರಡಿಸುವ ವೂಫರ್, ಟ್ವೀಟರ್) ಬಗೆಯನ್ನೇ ಇಟ್ಟುಕೊಂಡು ಅದು 79ರ ಬದಲು 45 ಹರ್ಟ್ಜ್‌ವರೆಗೆ ಇಳಿಯುತ್ತದೆ. ಫೋನಿನಿಂದ ನೇರ ಹಾಡು ಕಳಿಸಬಹುದು, ಬೇರೆ ಪೆಟ್ಟಿಗೆ ಬೇಡ, ತಂತಿಗಳ ಗೋಜಲಿಲ್ಲ. ಮಡಿಕೇರಿ ಪೇಟೆಯಲ್ಲಿ, ಕುಶಾಲನಗರದಲ್ಲಿ, ಕರೆಂಟು ಸ್ಥಿರವಾಗಿರುವ ಕಡೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ತೋಟದ ಮನೆಗೆ ಮಾತ್ರ ಹೇಳುವುದಿಲ್ಲ. ಮೊದಲು ನನ್ನ ಹತ್ತಿರ ಇದ್ದದ್ದು ಒಂದು ಆ್ಯಕ್ಟಿವ್ ಜೋಡಿಯೇ. ಏಪ್ರಿಲ್‌ನ ಒಂದು ಸಂಜೆ, ಕಾದು ಕಾದು ಸಾಕಾದ ಮೇಲೆ ಹೂಮಳೆ ಬಂತು. ಕಾಫಿ ಹೂವಿಗೆ ಸರಿಯಾದ ಹೊತ್ತಿಗೆ ಬಂತಲ್ಲ ಎಂದು ಮನೆಯವರೆಲ್ಲ ಜಗಲಿಯಲ್ಲಿ ನಿಂತಿದ್ದೆವು. ಪ್ಲಗ್ ತೆಗೆಯಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಎಲ್ಲೋ ಮೇಲಿನ ಲೈನಿಗೆ ಸಿಡಿಲು ಬಡಿಯಿತು. ಬಲಗಡೆ ಸ್ಪೀಕರಿನ ದೀಪ ಒಮ್ಮೆ ಕೆಂಪಾಗಿ ಆರಿತು, ಸುಟ್ಟ ವಾಸನೆ ಬಂತು. ಒಳಗಿನ ಬೋರ್ಡ್ ಇಲ್ಲಿ ಯಾರಿಂದಲೂ ರಿಪೇರಿ ಆಗುವುದಲ್ಲ. ಬೆಂಗಳೂರಿಗೆ ಕಳಿಸಿದೆ, ಮಳೆಗಾಲ ಅರ್ಧ ಮುಗಿಯುವವರೆಗೂ ಬರಲಿಲ್ಲ. ಆ ಮಳೆಗಾಲ ಮನೆಯಲ್ಲಿ ಸಂಗೀತವೇ ಇರಲಿಲ್ಲ.

ಆಂಪ್ ಹೊರಗೆ ಬೇರೆಯಾಗಿ ಇರುವ ಪ್ಯಾಸಿವ್ ಸ್ಪೀಕರ್ ಆಗಿದ್ದರೆ ಹೋಗುತ್ತಿದ್ದದ್ದು ಆಂಪ್ ಮಾತ್ರ. ಗೆಳೆಯರ ಮನೆಯಿಂದ ಇನ್ನೊಂದು ಆಂಪ್ ತಂದು ಅದೇ ರಾತ್ರಿ ಕೇಳಬಹುದಿತ್ತು. ಸಾಧಾರಣ ಆಂಪ್ ಆದರೆ ಊರಿನ ರೇಡಿಯೋ ರಿಪೇರಿಯವರೂ ಕೈ ಹಾಕುತ್ತಾರೆ. ಇಪ್ಪತ್ತು ವರ್ಷದ ಹಳೆಯ ಪ್ಯಾಸಿವ್ ಸ್ಪೀಕರ್ ಇವತ್ತಿಗೂ ಹಾಡುತ್ತದೆ. ಆ್ಯಕ್ಟಿವ್ ಒಳಗಿನ ಚಿಪ್ಪು, ಆ್ಯಪ್ಪು ಅಷ್ಟು ಕಾಲ ಬಾಳುತ್ತವೆ ಎಂಬ ಭರವಸೆ ನನಗಿಲ್ಲ. ಆದ್ದರಿಂದ ತೋಟದ ಮನೆಗೆ ಪ್ಯಾಸಿವ್ ಸ್ಪೀಕರ್, ಐವತ್ತು ವಾಟ್ ಆಸುಪಾಸಿನ ಒಂದು ಗಟ್ಟಿ ಆಂಪ್, ಅದಕ್ಕೊಂದು ಸ್ಟೆಬಿಲೈಸರ್.

ಇನ್ವರ್ಟರ್ ಬಗ್ಗೆಯೂ ಒಂದು ಮಾತು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಹಾಕಿದರೆ ಅದು ಗುರ್ ಅನ್ನುತ್ತದೆ. ಮೆಲ್ಲಗಿನ ಸಂಗೀತದ ಹಿಂದೆ ಆ ಗುರುಗುಟ್ಟುವಿಕೆ ಸಹಿಸಲಾಗದು. ಸೈನ್ ವೇವ್ ಇನ್ವರ್ಟರೇ ಇರಲಿ.

ಮಳೆಗಾಲದ ಲೆಕ್ಕ

ಡಿಸೆಂಬರಿನ ರಾತ್ರಿ ನಮ್ಮ ಹಾಲ್‌ನಷ್ಟು ನಿಶ್ಶಬ್ದ ಜಾಗ ಬೆಂಗಳೂರಿನ ಯಾವ ಮನೆಯಲ್ಲೂ ಸಿಗುವುದಿಲ್ಲ. ಕಾಫಿ ಕುಯ್ದು ಸುಸ್ತಾದ ದಿನ, ಹೊರಗೆ ಜೀರುಂಡೆ ಬಿಟ್ಟರೆ ಏನೂ ಇಲ್ಲ. ವಾಲ್ಯೂಮ್ ಕಾಲು ಭಾಗಕ್ಕಿಟ್ಟರೂ ‘ಪ್ರಾಮಿಸಸ್’ನ ನಾಲ್ಕನೇ ಭಾಗದಲ್ಲಿ ಸ್ಯಾಂಡರ್ಸ್ ವಾದ್ಯ ಬದಿಗಿಟ್ಟು ಮೆಲ್ಲಗೆ ಗಂಟಲಲ್ಲಿ ಗುನುಗುವುದು ಕೇಳುತ್ತದೆ. ಒಮ್ಮೆ ಅಮ್ಮ ಅಡುಗೆಮನೆಯಿಂದ ಬಂದು, “ಯಾರು ಬಂದಿದ್ದಾರೆ?” ಎಂದು ಕೇಳಿದರು. ಜಗಲಿಯ ಕಡೆಗೂ ಹೋಗಿ ನೋಡಿ ಬಂದರು.

ಜುಲೈಯಲ್ಲಿ ಅದೇ ಭಾಗ ಹೆಂಚಿನ ಮೇಲಿನ ಮಳೆಗೆ ಪೂರ್ತಿ ಮುಳುಗಿಹೋಗುತ್ತದೆ. ಮಳೆಯ ಸದ್ದು ಎಲ್ಲ ಶ್ರುತಿಗಳಲ್ಲೂ ಹರಡಿಕೊಂಡಿರುವುದರಿಂದ ಮೊದಲು ಹೋಗುವುದು ಉಸಿರು ಮತ್ತು ಸಿಂಬಲ್. ವಾಲ್ಯೂಮ್ ಏರಿಸುವುದು ಒಂದು ದಾರಿ, ಆದರೆ ಕೋಣೆಯೇ ಗದ್ದಲವಾಗುತ್ತದೆ. ಹತ್ತಿರ ಕೂರುವುದು ಅದಕ್ಕಿಂತ ಒಳ್ಳೆಯದು. ಸ್ಪೀಕರಿನಿಂದ ಎಂಟು ಅಡಿ ದೂರ ಇದ್ದದ್ದನ್ನು ನಾಲ್ಕು ಅಡಿಗೆ ತಂದರೆ ನೇರವಾಗಿ ಬರುವ ಸದ್ದು 6 ಡೆಸಿಬಲ್ ಏರುತ್ತದೆ, ಆಂಪ್‌ಗೆ ಹೊರೆ ಹೆಚ್ಚುವುದಿಲ್ಲ. ಮಳೆಗಾಲದಲ್ಲಿ ನಾನು ಸ್ಟ್ಯಾಂಡ್ ಸಮೇತ ಸ್ಪೀಕರುಗಳನ್ನು ಮುಂದಕ್ಕೆ ತಂದು, ಎರಡು ಸ್ಪೀಕರ್ ಮತ್ತು ಕುರ್ಚಿ ಸಮ ತ್ರಿಕೋನವಾಗುವ ಹಾಗೆ ಕೂರುತ್ತೇನೆ. ಬಿಬಿಸಿಯವರ ವ್ಯಾನಿನ ಹಾಗೆ!

ಇಷ್ಟು ಹತ್ತಿರ ಕೂತಾಗ ಎಲ್‌ಎಸ್50ಯಂಥ ಸ್ಪೀಕರಿನ ಗುಣ ಎದ್ದು ಕಾಣುತ್ತದೆ. ಅದರ ಟ್ವೀಟರ್ ವೂಫರಿನ ನಡುಮಧ್ಯದಲ್ಲೇ ಕೂತಿದೆ, ಸದ್ದು ಒಂದೇ ಬಿಂದುವಿನಿಂದ ಬರುತ್ತದೆ. ಮೇಲೊಂದು ಕೆಳಗೊಂದು ಡ್ರೈವರ್ ಇರುವ ದೊಡ್ಡ ಸ್ಪೀಕರಿನ ಮುಂದೆ ಮೂರು ನಾಲ್ಕು ಅಡಿಯಲ್ಲಿ ಕೂತರೆ ಸಿಂಬಲ್ ಒಂದು ಕಡೆ, ಬೇಸ್ ಇನ್ನೊಂದು ಕಡೆ ಒಡೆದ ಹಾಗಾಗುತ್ತದೆ. ಅದಕ್ಕೆ ಆರೇಳು ಅಡಿಯ ದೂರ ಬೇಕು. ಹಾರ್ನ್ (ಕಹಳೆಯಂಥ ಅಗಲ ಬಾಯಿಯ) ಟ್ವೀಟರಿನ ಸ್ಪೀಕರುಗಳು ಮಳೆಯನ್ನು ಸೀಳಿಕೊಂಡು ಬರುತ್ತವೆ, ನಿಜ. ಆದರೆ ಮಳೆ ನಿಂತ ರಾತ್ರಿ ಅದೇ ತುತ್ತೂರಿ ನನ್ನ ಕಿವಿಗೆ ಚುಚ್ಚಿತು.

ತೇವದ ವಿಷಯ ಚುಟುಕಾಗಿ. ವೂಫರಿನ ಅಂಚಿಗೆ ಫೋಮ್ ಇರುವ ಹಳೆಯ ಸ್ಪೀಕರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ನಮ್ಮ ಹವೆಗೆ ಫೋಮ್ ಪುಡಿಯಾಗುತ್ತದೆ, ರಬ್ಬರ್ ಅಂಚಿನದೇ ನೋಡಿ. ಪೆಟ್ಟಿಗೆಯ ಹಿಂಬದಿಗೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ದಿನವೂ ಒಂದಿಷ್ಟು ಹೊತ್ತು ನುಡಿಸಿ, ಆಂಪ್‌ನ ಬಿಸಿಯೇ ಅದರ ಒಳಗನ್ನು ಒಣಗಿಸುತ್ತದೆ. ನೆಲಕ್ಕೆ ಒಂದು ಜಮಖಾನ ಹಾಸಿ. ರೆಡ್ ಆಕ್ಸೈಡ್ ನೆಲದಿಂದ ಚಿಮ್ಮುವ ಸದ್ದು ಸಿಂಬಲ್‌ಗಳನ್ನು ಒರಟು ಮಾಡುತ್ತದೆ.

ಅಂಗಡಿಗೆ ಹೋದಾಗ

ಮೈಸೂರೋ ಬೆಂಗಳೂರೋ, ಹೋಗಿ ಕೇಳಿಯೇ ಕೊಳ್ಳಬೇಕು. ಅಂಗಡಿಯವರು ಹಾಕುವ ಹಾಡಿನಲ್ಲಿ ಎಲ್ಲ ಸ್ಪೀಕರೂ ಚಂದವೇ. ನಿಮ್ಮ ಹಾಡುಗಳನ್ನು ಫೋನಿಗೆ ಇಳಿಸಿಕೊಂಡು ಹೋಗಿ. ನಾನು ಒಯ್ದದ್ದು ನಾಲ್ಕು. ‘ಟೂರಿಸ್ಟ್’ನ ಮೊದಲ ಹಾಡಿನಲ್ಲಿ ಮಾರ್ಲೀನಾ ಶಾ ಅವರ ದನಿಯ ತುಣುಕು ಮತ್ತೆ ಮತ್ತೆ ಬರುತ್ತದೆ. ಅದು ವೇದಿಕೆಯ ಮೇಲಿನ ಹಳೆಯ ಧ್ವನಿಮುದ್ರಣದಿಂದ ತೆಗೆದದ್ದು, ಸುತ್ತಲಿನದು ಹೊಸದು. ಒಳ್ಳೆಯ ಸ್ಪೀಕರಿನಲ್ಲಿ ಈ ಎರಡು ಕಾಲದ ಗಾಳಿ ಬೇರೆಬೇರೆ ಎಂದು ಗೊತ್ತಾಗುತ್ತದೆ. ಸಿನಿಮ್ಯಾಟಿಕ್ ಆರ್ಕೆಸ್ಟ್ರಾದವರ 2002ರ ‘ಎವ್ರಿ ಡೇ’ಯಲ್ಲಿ ಫೊಂಟೆಲ್ಲಾ ಬಾಸ್ ಹಾಡುವಾಗ ಕೆಳಗಿನ ಬೇಸ್ ಕಂಠವನ್ನು ಮುಚ್ಚಬಾರದು. ‘ಖ್ಮೇರ್’ನಲ್ಲಿ ತುತ್ತೂರಿಯ ತುಟಿಯ ಗಾಳಿ ಕೇಳಬೇಕು. ‘ಪ್ರಾಮಿಸಸ್’ನ ಆರನೇ ಭಾಗದಲ್ಲಿ ತಂತಿವಾದ್ಯಗಳೆಲ್ಲ ಒಟ್ಟಿಗೆ ಉಕ್ಕಿ ಬರುವಾಗ ಸಣ್ಣ ಸ್ಪೀಕರ್ ಕಿರುಚಿಕೊಂಡರೆ ಬೇಡ.

ಮೊದಲು ಮೆಲ್ಲಗೆ ಕೇಳಿ, ಆಮೇಲೆ ಜೋರಾಗಿ. ಜೋರಾಗಿ ಕೇಳಿದಾಗ ದೊಡ್ಡ ಸ್ಪೀಕರೇ ಗೆಲ್ಲುತ್ತದೆ. ಮೆಲ್ಲಗೆ ಇಟ್ಟಾಗಲೂ ಹಾಡಿನ ಜೀವ ಉಳಿಯುವುದು ಯಾವುದರಲ್ಲಿ ಎಂದು ನೋಡಿ, ವರ್ಷದ ಎಂಟು ತಿಂಗಳು ನೀವು ಕೇಳುವುದು ಹಾಗೆಯೇ. ಮನೆಯಿಂದ ಹೊರಡುವ ಮೊದಲು ಹಾಲ್‌ನ ಉದ್ದಗಲ ಅಳೆದು, ಒಂದು ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ಸ್ಟ್ಯಾಂಡಿಗೂ ದುಡ್ಡು ಎತ್ತಿಡಿ. ಎರಡಡಿ ಎತ್ತರದ ಗಟ್ಟಿ ಸ್ಟ್ಯಾಂಡ್ ಇದ್ದರೆ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುತ್ತದೆ. ಟಿವಿ ಕಪಾಟಿನೊಳಗೆ ತುರುಕಿದರೆ ಇಷ್ಟು ಓಡಾಡಿದ್ದೆಲ್ಲ ದಂಡ.

ಕೊಳ್ಳುವುದಾದರೆ ಅಕ್ಟೋಬರಿನಲ್ಲಿ ಕೊಳ್ಳಿ. ಹುತ್ತರಿ ಬರುವಷ್ಟರಲ್ಲಿ ಗೋಡೆಯಿಂದ ಒಂದಡಿಯೋ ಎರಡೂವರೆ ಅಡಿಯೋ ಎಂಬುದು ನಿಮ್ಮ ಕಿವಿಗೇ ಗೊತ್ತಾಗಿರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿಡಿ, ಒಂದು ಬೇಸಿಗೆಯ ಜಾಗ, ಒಂದು ಮಳೆಗಾಲದ್ದು. ಮಾರ್ಚ್ ಕೊನೆಯಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಹಾಡು ಎಷ್ಟೇ ಚಂದ ಇರಲಿ, ಎದ್ದು ಹೋಗಿ ಪ್ಲಗ್ ಕಿತ್ತುಹಾಕಿ. ಇಂಟರ್ನೆಟ್ಟಿನ ತಂತಿಯನ್ನೂ ಸೇರಿಸಿ.